ಚಿನ್ನಯ್ಯನ ಅಜೀರ್ಣ

"ತಂಪೂರಿನ ಮಹಾಜನಗಳೇ, ಕಿವಿಗೊಡಿ. ರಾಜಕುಮಾರಿ ಕುಮುದಾಂಬೆಯವರು ಮೂರು ಒಗಟು ಕೇಳುವರು. ಬಿಡಿಸಿದವನಿಗೆ ಕುಮಾರಿಯನ್ನೂ ಅರ್ಧ ರಾಜ್ಯವನ್ನೂ ಕೊಡಲಾಗುವುದು. ತಪ್ಪಿದವನಿಗೆ ತಲೆದಂಡ. ಬಂದವರೆಲ್ಲರಿಗೂ ಮೊದಲು ಅರಮನೆಯಲ್ಲಿ ಊಟ."

ಡಂಗುರದವನು ಕೆರೆ ಏರಿಯ ಮೇಲೆ ಹೀಗೆ ಸಾರಿಕೊಂಡು ಹೋಗುವಾಗ ದೊಡ್ಡೀರ ನೀರಲ್ಲಿ ಮುಳುಗಿ ಎಮ್ಮೆಯ ಹೊಟ್ಟೆ ಉಜ್ಜುತ್ತಿದ್ದ. ತಲೆ ಮೇಲೆತ್ತಿದಾಗ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಊಟ ಅಂದಮೇಲೆ ಹಿಂದಿನದನ್ನು ಯಾರು ವಿಚಾರಿಸುತ್ತಾರೆ? ಎಮ್ಮೆಯನ್ನು ಅಕ್ಕನ ಮನೆಯ ಮುಂದೆ ಕಟ್ಟಿ, ಒದ್ದೆ ಪಂಚೆಯಲ್ಲೇ ಹೊರಟ.

ತಂಪೂರಿನ ಅರಮನೆಯಲ್ಲಿ ಮರ್ಯಾದೆ ಅಂದರೆ ತಂಪು. ಬಂದವರಿಗೆ ನೀರು ಚಿಮುಕಿಸಿದ ಲಾವಂಚದ ಚಾಪೆ, ಮೈಗೆ ಗಂಧ, ಎಡಬಲಕ್ಕೆ ಬೀಸಣಿಗೆ. ದೊಡ್ಡವರಾದಷ್ಟೂ ತಂಪು ಹೆಚ್ಚು. ಹಿಂದಿನ ಮಹಾರಾಜರು ಪಟ್ಟಾಭಿಷೇಕದ ದಿನವೇ ನೆಗಡಿಯಾಗಿ ತೀರಿಕೊಂಡರಂತೆ. ಸುಳ್ಳಿರಬಹುದು, ಆದರೆ ಹೇಳಿದವರು ಒಳ್ಳೆಯ ಜನ.

ಎಲ್ಲರಿಗಿಂತ ಹೆಚ್ಚಿನ ಮರ್ಯಾದೆ ಚಿನ್ನಯ್ಯನಿಗೆ. ಚಿನ್ನಯ್ಯ ಅಂದರೆ ಕುಮಾರಿ ಸಾಕಿದ ಹೆಬ್ಬಾವು. ಸಭೆಯಲ್ಲಿ ಕುಮಾರಿಯ ಪಕ್ಕದಲ್ಲೇ ಅಮೃತಶಿಲೆಯ ಹಾಸು, ಅದರ ಮೇಲೆ ಒದ್ದೆ ರೇಷ್ಮೆ, ಅದರ ಮೇಲೆ ಅವನು. ಈಚೆಗೆ ತಿಂದದ್ದೊಂದೂ ಅರಗದೆ ಸೊರಗಿ ಹಗ್ಗವಾಗಿದ್ದ. ವೈದ್ಯರು ಕೈಚೆಲ್ಲಿದ್ದರು. ಹಾವಿನ ಹೆಸರೆತ್ತಿದರೆ ಜನ ಮುಖಸ್ತುತಿಗೆ ಇಳಿಯುತ್ತಾರೆಂದು ಕುಮಾರಿ ಅವನ ಕಷ್ಟವನ್ನೇ ಮುಸುಕು ಹಾಕಿ ಒಗಟು ಮಾಡಿದ್ದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಚಿನ್ನಯ್ಯ ಬದುಕಿದರೆ ಸರಿ, ಇಲ್ಲವಾದರೆ ತಪ್ಪು, ಅಷ್ಟೆ.

ದೊಡ್ಡೀರ ಇದೊಂದೂ ತಿಳಿಯದೆ ಮೊಸರನ್ನ, ಸೌತೆಕಾಯಿ ಕೋಸಂಬರಿ, ತಣ್ಣಗಿನ ಪಾಯಸ ಎಲ್ಲ ಎರಡೆರಡು ಸಲ ಹಾಕಿಸಿಕೊಂಡ. ಆಮೇಲೆ ಒದ್ದೆ ಚಾಪೆಯ ಮೇಲೆ ಕೂರಿಸಿ ಬೀಸಿದರು ನೋಡಿ, ಹೊಟ್ಟೆ ಗುಡುಗುಟ್ಟತೊಡಗಿತು. ಎದ್ದು ಮನೆಗೆ ಹೋಗೋಣವೆಂದರೆ ಭಟರು ಭುಜ ಒತ್ತಿ ಕೂರಿಸಿದರು.

ಮೊದಲು ಎದ್ದವನು ಹೊಂಬಾಡಿಯ ಯುವರಾಜ. ಕುಮಾರಿ ಕೇಳಿದಳು, "ಊಟ ಮುಗಿಸಿದ ಮೇಲೆ ಅಡುಗೆಮನೆಯ ಕಡೆ ಹೋಗುವವನಿಗೆ ಏನು ಬೇಕು?"

ಇನ್ನೊಂದು ತುತ್ತು ಬೇಕು ಎಂದ ಯುವರಾಜ, ಮೀಸೆ ತಿರುವುತ್ತ. ಅದನ್ನು ಬಡಿಸಿ ನೋಡಿಯಾಗಿದೆ, ಅದೂ ಹೊರಗೆ ಬಂತು ಎಂದು ಕುಮಾರಿ ತಲೆಯಾಡಿಸಿದಳು. ಅವನನ್ನು ಹಿಂಬಾಗಿಲಿನಿಂದ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕೊಡಲಿಯ ಸದ್ದು. ಆಮೇಲೆ ಎದ್ದ ರತ್ನವ್ಯಾಪಾರಿಯ ಮಗ ಅಡುಗೆಯವಳ ಒಲವು ಬೇಕು ಎಂದ. ಮತ್ತೆ ಕೊಡಲಿಯ ಸದ್ದು. ದೊಡ್ಡೀರ ಪಕ್ಕದ ಭಟನನ್ನು ಕೇಳಿದ, ಊಟ ಆದವರನ್ನು ಎಲ್ಲಿಗೆ ಕರೆದುಕೊಂಡು ಹೋಗ್ತಾರೆ ಅಂತ. ಭಟ ಡಂಗುರದ ಮಾತನ್ನು ಮೊದಲಿನಿಂದ ಒಪ್ಪಿಸಿದ. ದೊಡ್ಡೀರನ ಹೊಟ್ಟೆಯಲ್ಲಿ ಪಾಯಸ ಮಗುಚಿಕೊಂಡಿತು.

ಅವನ ಸರದಿಯೂ ಬಂತು. ಕುಮಾರಿ ಅದೇ ಪ್ರಶ್ನೆ ಕೇಳಿದಳು. ಈಕೆಗೆ ನನ್ನ ಅವಸ್ಥೆ ಹೇಗೆ ತಿಳಿಯಿತು ಎಂದು ದೊಡ್ಡೀರನಿಗೆ ದಿಗಿಲಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ.

"ಬೆಚ್ಚಗೆ ಒಲೆ ಪಕ್ಕ ಹೊಟ್ಟೆ ಇಟ್ಟು ಮಲಗಬೇಕು, ಅಮ್ಮಾವ್ರೆ. ಇನ್ನೇನೂ ಬೇಡ."

ಸಭೆ ಪಿಸುಗುಟ್ಟಿತು. ಇದನ್ನು ಯಾರೂ ಮಾಡಿ ನೋಡಿರಲಿಲ್ಲ. ಕುಮಾರಿ ಸಿಂಹಾಸನದ ಅಂಚಿಗೆ ಸರಿದು ಕೂತಳು.

"ನುಂಗಿದ್ದು ನುಂಗಿದ ಹಾಗೆಯೇ ತಿರುಗಿ ಬಂದರೆ ತಪ್ಪು ಯಾರದು? ಬಡಿಸಿದವರದೋ, ಉಂಡವನದೋ?"

ತನಗೆ ಈಗಲೇ ಬರುವಂತಿದೆ, ಅದೂ ಗೊತ್ತಾಯಿತಲ್ಲ ಎಂದು ದೊಡ್ಡೀರ ನಾಚಿಕೊಂಡ. ಬಡಿಸಿದವರನ್ನು ದೂರಿದರೆ ಕೊಡಲಿ, ತನ್ನನ್ನು ದೂರಿಕೊಂಡರೂ ಕೊಡಲಿ.

"ಇಬ್ಬರದೂ ಅಲ್ಲ, ಅಮ್ಮಾವ್ರೆ. ಈ ಚಾಪೆದು. ಇಂಥ ತಣ್ಣಗಿನ ಜಾಗದಲ್ಲಿ ಕೂತ್ರೆ ಗಂಜಿನೂ ಅರಗಲ್ಲ."

ಕುಮಾರಿಯ ಕಣ್ಣು ಒದ್ದೆ ರೇಷ್ಮೆಯ ಕಡೆ ಹೋಯಿತು. ಮೂರನೆಯದನ್ನು ಅವಳು ಅಲ್ಲೇ ಹೊಸೆದಳು.

"ಬೆಂಕಿಗೆ ಹತ್ತಿರವಾದರೆ ಬೇಯುತ್ತಾನೆ, ದೂರವಾದರೆ ಮರಗಟ್ಟುತ್ತಾನೆ. ಅವನನ್ನು ಎಲ್ಲಿಡಬೇಕು?"

ಬೇಯಿಸುವ ಮಾತು ಕೇಳಿ ದೊಡ್ಡೀರ ಬಾಗಿಲ ಕಡೆ ತಿರುಗಿದ. ಭಟರು ರಟ್ಟೆ ಹಿಡಿದರು.

"ಎಲ್ಲೂ ಇಡಬೇಡಿ, ಅಮ್ಮಾವ್ರೆ. ನೀವು ಕೈ ಬಿಡಿ. ಬೆಚ್ಚಗಿರೋದು ಒಂದು ಕಡೆ, ತಣ್ಣಗಿರೋದು ಒಂದು ಕಡೆ ಇದ್ರೆ ಸಾಕು, ಎಷ್ಟು ಬೇಕೋ ಅಷ್ಟು ಸರಿದು ಮಲಗೋಕೆ ಬರುತ್ತೆ."

ಮಹಾರಾಜರು ಮಂತ್ರಿಯ ಮುಖ ನೋಡಿದರು, ಮಂತ್ರಿ ಹಾವಿನ ಮುಖ ನೋಡಿದ. ಹಾವಿನ ತೀರ್ಪು ಬರುವವರೆಗೆ ಇವನ ತಲೆ ಇರಲಿ ಎಂದು ಅಪ್ಪಣೆಯಾಯಿತು.

ಚಿನ್ನಯ್ಯನನ್ನೂ ದೊಡ್ಡೀರನನ್ನೂ ಅಡುಗೆಮನೆಯ ಹಿಂದಿನ ಜಗಲಿಗೆ ಸಾಗಿಸಿದರು. ಗೋಡೆಯ ಒಂದು ತುದಿ ಒಲೆಯ ಕಾವಿಗೆ ಬಿಸಿ, ಇನ್ನೊಂದು ತುದಿ ತಣ್ಣಗೆ. ಹಾವು ತಾನಾಗಿ ಹರಿದು ಬಿಸಿಗೋಡೆಗೆ ಅಂಟಿತು. ಅದಕ್ಕೆ ಹೆದರಿ ದೊಡ್ಡೀರ ಮಾರುದೂರ ಬಿಟ್ಟು ಹೊಟ್ಟೆ ಒತ್ತಿಕೊಂಡು ಮಲಗಿದ. ಕೊಡಲಿಯ ಸದ್ದು ಇಲ್ಲಿ ತೀರ ಹತ್ತಿರ. ಧೈರ್ಯ ಮಾಡಿ ಹೊರಳಿ ನೋಡುತ್ತಾನೆ, ಹೊಂಬಾಡಿಯ ಯುವರಾಜ ಬೆವರು ಸುರಿಸುತ್ತ ಸೌದೆ ಸೀಳುತ್ತಿದ್ದಾನೆ! ತಲೆ ಇದ್ದಲ್ಲೇ ಇತ್ತು, ಮೀಸೆ ಮಾತ್ರ ಜೋತುಬಿದ್ದಿತ್ತು. ಮಹಾರಾಜರಿಗೆ ರಕ್ತ ಕಂಡರೆ ತಲೆ ಸುತ್ತು ಬರುತ್ತಿತ್ತಂತೆ, ಅರಮನೆಗೆ ಸೌದೆಯ ಅಭಾವವೂ ಇತ್ತಂತೆ.

ಕುಮಾರಿ ಕಪ್ಪೆಯಷ್ಟು ಸಣ್ಣ ತುತ್ತು ಕೊಟ್ಟಳು. ಚಿನ್ನಯ್ಯ ನುಂಗಿದ. ಯಾರೂ ಎತ್ತಿ ಮುದ್ದಾಡಲಿಲ್ಲ, ಬೀಸಲಿಲ್ಲ. ತುತ್ತು ತಿರುಗಿ ಬರಲಿಲ್ಲ. ಕೆಲವು ದಿನ ಕಳೆದು ಒಂದು ಬೆಳಗ್ಗೆ, ತುತ್ತು ಹೋಗಬೇಕಾದ ದಾರಿಯಲ್ಲೇ ಹೊರಗೆ ಹೋಗಿತ್ತು. ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಸಭೆಗೆ ತಂದಾಗ ಮಂಗಳವಾದ್ಯ ನುಡಿಸಿದರು.

ಅಲ್ಲಿ ಕುಮಾರಿ ಎಲ್ಲರಿಗೂ ಬಿಡಿಸಿ ಹೇಳಿದಳು. ಹಾವಿಗೆ ಸ್ವಂತ ಕಾವಿಲ್ಲ. ಅದಕ್ಕೇ ಉಂಡ ಮೇಲೆ ಒಲೆಯ ಕಡೆ ಹರಿಯುತ್ತಿತ್ತು, ನಾವು ಮರ್ಯಾದೆಯೆಂದು ಎಳೆದು ತಂದು ತಣ್ಣಗೆ ಮಲಗಿಸಿದೆವು, ಹೊಟ್ಟೆಯಲ್ಲಿದ್ದುದು ಅರಗದೆ ತಿರುಗಿ ಬಂತು. ಎಷ್ಟು ಕಾವು ಬೇಕೆಂಬುದು ಅದಕ್ಕೇ ಗೊತ್ತು, ನಾವು ಜಾಗ ಬಿಟ್ಟುಕೊಟ್ಟರೆ ಸಾಕಿತ್ತು.

ಯುವರಾಜನಿಗೂ ರತ್ನವ್ಯಾಪಾರಿಯ ಮಗನಿಗೂ ಕೊಡಲಿಯಿಂದ ಬಿಡುಗಡೆಯಾಯಿತು. ದೊಡ್ಡೀರನಿಗೆ ಅರ್ಧ ರಾಜ್ಯ ಘೋಷಿಸಿ, ಕುಮಾರಿ ಹಾರ ಹಿಡಿದು ಬಂದಳು. ಅವನು ಇನ್ನೂ ಹುಬ್ಬು ಗಂಟಿಕ್ಕಿಕೊಂಡೇ ನಿಂತಿದ್ದ.

"ಹಂಗಾದ್ರೆ ನೀವು ಕೇಳಿದ್ದು ಹಾವಿನ ಹೊಟ್ಟೆ ವಿಚಾರ. ನನ್ನ ಹೊಟ್ಟೆ ವಿಚಾರ ಯಾರೂ ಕೇಳಲೇ ಇಲ್ಲ."

ಕುಮಾರಿ ಹಾರ ಹಾಕಿದಳು.

"ಇನ್ನು ಮೇಲೆ ದಿನಾ ಕೇಳ್ತೀನಿ. ಊಟ ಆಯ್ತಾ?"