ಲಗಮವ್ವನ ನಾಯಿ ಮೂಸಿದ ಮರಿ

ಬಹಳ ಹಿಂದ, ಈ ಎರಿ ಹೊಲಕ್ಕ ಬೇಲಿ ಅನ್ನೋದು ಇನ್ನೂ ಇರದ ಕಾಲದಾಗ, ಒಂದೂರ ಹೊರಗ ಒಂದು ಕುರುಬರ ಹಟ್ಟಿ ಇತ್ತಂತ. ಅಲ್ಲಿ ಲಗಮವ್ವ ಅಂತ ಒಬ್ಬಾಕಿ ಇದ್ದಳಂತ. ಗಂಡ ಸತ್ತಾಕಿ, ಒಂಟಿ ಹೆಣಮಗಳು. ಬೆರಳೆಣಿಕಿ ಕುರಿ, ಜೋಡಿಗೊಂದು ನಾಯಿ, ಚಂದ್ರ್ಯಾ. ಈಗಿನ ಮಂದಿ ಆ ನಾಯಿ ಕರುವಿನಷ್ಟು ಎತ್ತರ ಇತ್ತು ಅಂತಾರ. ಬರೇ ಸುಳ್ಳು! ಮೊಣಕಾಲುದ್ದದ ಬಡಕಲು ನಾಯಿ ಅದು. ಆದ್ರ ಮೂಗು? ಅಬಬಬಾ!

ಕುರಿ ಈದ ಕೂಡಲೇ ಲಗಮವ್ವ ಹಸಿ ಮರೀನ ಚಂದ್ರ್ಯಾನ ಮೂಗಿಗೆ ಹಿಡೀತಿದ್ದಳಂತ. ಒಮ್ಮೆ ಮೂಸಿತಂದ್ರ ಮುಗೀತು, ಎಷ್ಟು ದೊಡ್ಡ ಹಿಂಡಿನಾಗ ಬಿಟ್ಟರೂ ಆ ಮರೀನ ಹುಡುಕತಿತ್ತಂತ. ಗಾಳಿಗೆ ಮೂಗೆತ್ತಿ ನಿಂತರ, ತೋಳ ಯಾವ ದಿಕ್ಕಿನಾಗ ಐತಿ, ಯಾರ ಗುಡಿಸಲದಾಗ ಏನು ಬೇಯಾಕ ಹತ್ತೈತಿ, ಎಲ್ಲಾ ಅದಕ್ಕ ತಿಳೀತಿತ್ತಂತ.

ಅದೇ ಮುಳುವಾತು ನೋಡ್ರಿ. ಒಂದು ವರ್ಷ ಹಟ್ಟಿಯಾಗ ಎಳೇ ಮರಿ ಕಾಣೆಯಾಗಾಕ ಹತ್ತಿದವು. ಸಂಜಿಮುಂದ ಚಂದ್ರ್ಯಾ ಕಂಡವರ ಕುರಿ ಕೂಡೋ ದಡ್ಡಿ ಮೂಸಿಕೋತ ತಿರುಗತಿತ್ತಲ್ಲ, ಮಂದಿ ಕಣ್ಣು ಅದರ ಮ್ಯಾಲ ಬಿತ್ತು. ಲಗಮವ್ವ ನೀರಿಗೆ ಬಂದರ ಹೆಂಗಸರು ಮಾತು ನಿಲ್ಲಿಸೋರು. ಎಲ್ಲಾರಿಗಿಂತ ಜೋರು ಬಾಯಿ ಮಾಳಿಂಗಪ್ಪಂದು, ಹಟ್ಟಿಗೇ ದೊಡ್ಡ ಹಿಂಡಿನ ಧಣಿ. ಈಕಿ ನಾಯಿಗೆ ಕಳವು ಕಲಿಸ್ಯಾಳ ಅಂದನಂತ. ಇನ್ನೊಂದು ಮರಿ ಹೋದರ ನಾಯೀನ ಕಲ್ಲಿಲೆ ಹೊಡೆದು ಕೊಲ್ಲೋದು, ಆಕೀನ ಹಟ್ಟಿ ಬಿಡಿಸೋದು ಅಂತ ಹಿರೇರು ಠರಾವು ಮಾಡಿದರಂತ. ಲಗಮವ್ವನೂ ಒಬ್ಬೊಬ್ಬರ ಮಾರಿ ನೋಡಿ, ಕಳ್ಳ ಇವನೋ, ಅವನೋ ಅನ್ನಾಕ ಹತ್ತಿದಳು.

ಆಮ್ಯಾಲ ಹೋದದ್ದು ಯಾರ ಮರಿ ಅಂತೀರಿ? ಆಕೀದೇ! ನಾಟಕ ಮಾಡತಾಳ ಅಂದರು ಮಂದಿ, ಆದ್ರ ಕಳಕೊಂಡಾಕಿ ಆಕೀನೇ ಅಂತ ಹಿರೇರು ಕಲ್ಲು ಎತ್ತದ ತಡದರು. ಸ್ವಲ್ಪ ದಿನಕ್ಕ ಚಂದ್ರ್ಯಾ ಮಾಳಿಂಗಪ್ಪನ ಹಿಂಡಿನಾಗ ನುಗ್ಗಿ, ಒಂದು ಮರಿ ಮುಂದ ಮಕ್ಕೊಂಡು ಬಿಡ್ತು, ಏಳವಲ್ದು. ಇದು ನನ್ನ ಮರಿ ಅಂದಳು ಲಗಮವ್ವ. ನನ್ನ ಹಿಂಡಿನಾಗ ಈ ವರ್ಷ ಒಂದು ಮರೀನೂ ಸತ್ತಿಲ್ಲ, ಇದು ನನ್ನ ಕುರಿ ಈದದ್ದು ಅಂದ ಮಾಳಿಂಗಪ್ಪ. ಆ ಹಟ್ಟಿ ನ್ಯಾಯ ಏನಂದ್ರ, ಯಾವ ಕುರಿ ಮೊಲಿ ಕೊಡತೈತೋ ಮರಿ ಆ ಕುರೀದು. ಮಾಳಿಂಗಪ್ಪನ ಕುರಿ ಮೂಸಿ ಮೊಲಿ ಕೊಟ್ಟಿತು. ಲಗಮವ್ವನ ಕುರಿ ಮೂಸಿ, ಹಾಯ್ದು ಕೆಡವಿತು. ಹಡೆದ ತಾಯೇ ಒಲ್ಲೆ ಅಂದಮ್ಯಾಲ ಇನ್ನೇನೈತಿ? ಹಿರೇರು ಕಲ್ಲು ಆರಿಸಿಕೊಂಡರು. ಲಗಮವ್ವ ನಾಯೀನ ಅಪ್ಪಿಕೊಂಡು ಕುಂತಳಂತ. ಒಂದು ಗಳಿಗಿ ಆಕೀಗೂ ಅನುಮಾನ ಬಂತಂತ, ಈ ಮೂಗು ತಪ್ಪಿತೇನು ಅಂತ.

ಚಂದ್ರ್ಯಾ ಕೊಸರಿಕೊಂಡು ಮರಿ ಮೈ ಮತ್ತೊಮ್ಮೆ ಮೂಸಿತು. ನೆಲಕ್ಕ ಮೂಗು ಹಚ್ಚಿಕೋತ ಮಾಳಿಂಗಪ್ಪನ ಗುಡಿಸಲದ ಹಿಂದ ಬೂದಿ ಗುಂಡಿಗೆ ಹೋಗಿ ಕೆದರಾಕ ಹತ್ತಿತು. ಮಾಳಿಂಗಪ್ಪ ಬಡಿಗಿ ಹಿಡಕೊಂಡು ಓಡಿದ. ಬೂದಿ ಕೆದರಿದರ ಇವನಿಗ್ಯಾಕ ಇಷ್ಟು ಉರಿ ಅಂತ ಹಿರೇರು ಅವನ ತೋಳು ಹಿಡಿದರು. ಬೂದ್ಯಾಗಿಂದ ಬಂದದ್ದು ಎಳೇ ಮರಿ ತೊಗಲು, ನಾಕೂ ಕಾಲು ತೂರಿಸಾಕ ತೂತಿದ್ದ ಅಂಗಿಯಂಗ. ಕೆದರಿದಂಗ ಇನ್ನೂ ಬಂದವಂತ.

ಕುರುಬರಿಗೆ ಬಿಡಿಸಿ ಹೇಳಬೇಕಾ? ಮರಿ ಸತ್ತ ಕುರಿಗೆ ತಬ್ಬಲಿ ಮರಿ ಕೂಡಿಸಾಕ, ಸತ್ತ ಮರಿ ತೊಗಲನ್ನ ತಬ್ಬಲಿಗೆ ತೊಡಸತಾರ. ತನ್ನ ಮರಿ ವಾಸನಿ ಅಂತ ತಿಳಿದು ಕುರಿ ಮೊಲಿ ಕೊಡತೈತಿ. ಕೆಲವು ದಿನ ಅದರ ಹಾಲು ಕುಡಿದರ ಮರಿ ಮೈಗೂ ಅದೇ ವಾಸನಿ ಹತ್ತತೈತಿ, ಹಡೆದ ತಾಯಿಗೂ ಗುರುತು ಸಿಗಾಂಗಿಲ್ಲ. ಮಾಳಿಂಗಪ್ಪ ತನ್ನ ಸತ್ತ ಮರಿಗಳ ತೊಗಲು ಮಂದಿ ಮರಿಗೆ ತೊಡಿಸಿದ್ದ. ಎರಡೂ ಕುರಿ ಮೋಸ ಹೋದವು. ಚಂದ್ರ್ಯಾ ಹೋಗಲಿಲ್ಲ, ಅದಕ್ಕ ಆ ವಾಸನಿ ಬ್ಯಾರೆ, ಈ ವಾಸನಿ ಬ್ಯಾರೆ.

ಹಿರೇರು ನಾಚಿ, ಮಾಳಿಂಗಪ್ಪನ್ನ ಹಟ್ಟಿ ಬಿಡಿಸಿ, ಚಂದ್ರ್ಯಾನ ಮೈ ಸವರಾಕ ಬಂದರಂತ. ಅದು ಒಬ್ಬೊಬ್ಬರ ಕೈ ಮೂಸಿ ಹಿಂದ ಸರೀತಂತ. ಕಲ್ಲು ಹಿಡಿದ ಕೈ ನೋಡ್ರಿ! ಹಿರೇರು ಕೈ ತೊಳಕೊಂಡು ಬಂದರು. ಮತ್ತೂ ಸರೀತು.

“ತೊಳಕೊಂಡ್ರೂ ಅದಕ್ಕ ತಿಳೀತೈತ್ರೀ ಯಪ್ಪಾ,” ಅಂದಳಂತ ಲಗಮವ್ವ.

ಈಗಲೂ ಆ ಹಟ್ಟಿಯಾಗ ನ್ಯಾಯಕ್ಕ ಕುಂಡ್ರೋ ಹಿರೇರು ಮೊದಲು ನಾಯಿ ಕರೆದು, ಅದರ ಮುಂದ ಅಂಗೈ ಹಿಡೀತಾರಂತ. ನಾಯಿ ಹಿಂದ ಸರಿದರ ಎದ್ದು ಹೋಗಬೇಕು. ಜ್ವರ ಬಂದೈತಿ ಅಂತ ಆವತ್ತು ಹೊರಗ ಬರದ ಹಿರೇರೂ ಇರತಾರ. ಅಂಥವರ ಬಾಗಿಲಿಗೆ ಮಂದಿ ತಾವೇ ನಾಯಿ ಕರಕೊಂಡು ಹೋಗತಾರಂತ.