ನೀರಿನಡಿಯ ಬೆಟ್ಟ

"ಗುರುಗಳೇ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?" ಎಂದು ಮರುಳಯ್ಯ ಕೇಳಿದ. ಜೊತೆಯಲ್ಲಿ ಓದುತ್ತಿದ್ದ ಬೊಮ್ಮಣ್ಣ ಈಚೆಗೆ ಮಾತು ಕಡಿಮೆ ಮಾಡಿದ್ದ. ಅವನು ಒಳಗೊಳಗೇ ಏನೋ ಸಂಚು ಹೂಡುತ್ತಿದ್ದಾನೆ ಎಂಬ ಅನುಮಾನ ಮರುಳಯ್ಯನನ್ನು ಕೊರೆಯುತ್ತಿತ್ತು. ಅದನ್ನೂ ಹೇಳಿಕೊಂಡ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹಡಗಿನ ತುಂಬ ಸರಕು ಹೇರಿಕೊಂಡು ದೂರದ ದ್ವೀಪಕ್ಕೆ ಹೊರಟ. ಹಡಗು ಅವನದು, ಅದನ್ನು ನಡೆಸುವ ತಂಡೇಲ ಮಾತ್ರ ಹೊಸಬ. ಹಿಂದೆ ನಂಬಿದವರಿಂದ ಮೋಸ ಹೋಗಿದ್ದ ವರ್ತಕ ಈ ಸಲ ತಂಡೇಲನ ಮೇಲೆ ಕಣ್ಣಿಟ್ಟೇ ಇದ್ದ.

ತಂಡೇಲ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಆಗಾಗ ನೀರಿಗೆ ಇಳಿಸಿ ಆಳ ನೋಡುತ್ತಿದ್ದ. ದಡ ಕಣ್ಮರೆಯಾದ ಮೇಲೂ ಗುಂಡು ಬೇಗನೆ ತಳ ಮುಟ್ಟುತ್ತಿತ್ತು. ಇಷ್ಟು ದೂರ ಬಂದರೂ ಆಳವಿಲ್ಲವೆಂದರೆ ಇವನು ತನ್ನನ್ನು ದಡದ ಆಸುಪಾಸಿನಲ್ಲೇ ಸುತ್ತಿಸುತ್ತಿದ್ದಾನೆ ಎಂದು ವರ್ತಕ ಅಂದುಕೊಂಡ. ಒಂದು ಬೆಳಿಗ್ಗೆ ಹಗ್ಗವೆಲ್ಲ ಬಿಟ್ಟರೂ ತಳ ಸಿಗಲಿಲ್ಲ. ಹಗ್ಗವನ್ನು ಕತ್ತರಿಸಿ ಮೋಟು ಮಾಡಿದ್ದಾನೆ ಎಂದುಕೊಂಡ.

"ನಿನ್ನೆ ಇದ್ದ ತಳ ಇವತ್ತು ಎಲ್ಲಿ ಹೋಯಿತು?" ಎಂದು ಕೇಳಿದ.

"ನೆಲ ದಡದಲ್ಲಿ ಮುಗಿಯುವುದಿಲ್ಲ, ಸಾಹುಕಾರರೇ. ನೀರಿನಡಿಯಲ್ಲಿ ಬಹುದೂರ ಸಣ್ಣ ಇಳಿಜಾರಾಗಿ ಬರುತ್ತದೆ. ಆಮೇಲೆ ಕಡಿದಾಗಿ ಕೆಳಕ್ಕೆ ಇಳಿಯುತ್ತದೆ. ಅದರಾಚೆ ದೊಡ್ಡ ಬಯಲು. ನಾವೀಗ ಆ ಬಯಲಿನ ಕಡೆ ಹೊರಟಿದ್ದೇವೆ."

ವರ್ತಕ ತಲೆಯಾಡಿಸಿದ. ಒಂದು ಮಾತನ್ನೂ ನಂಬಲಿಲ್ಲ. ಅಂದಿನಿಂದ ತಂಡೇಲ ಬಡಿಸಿದ ಊಟವನ್ನು ಬೇರೆಯವರು ಉಂಡ ಮೇಲೆಯೇ ಉಣ್ಣತೊಡಗಿದ.

ಹಡಗು ನಡುಗಡಲಿಗೆ ಬಂತು. ಸುತ್ತ ನೀರಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ತಂಡೇಲ ಮತ್ತೆ ಹಗ್ಗ ಇಳಿಸಿದ. ಈ ಸಲ ಗುಂಡು ಬೇಗನೆ ತಳ ಮುಟ್ಟಿತು. ಮೇಲೆಳೆದುಕೊಂಡವನೇ ಹಡಗನ್ನು ಉತ್ತರಕ್ಕೆ ತಿರುಗಿಸಲು ಆಳುಗಳಿಗೆ ಹೇಳಿದ.

"ಯಾಕೆ?" ಎಂದ ವರ್ತಕ.

"ಬಯಲಿನಲ್ಲಿ ಅಲ್ಲಲ್ಲಿ ಬೆಟ್ಟಗಳಿರುತ್ತವೆ. ಇಲ್ಲೊಂದು ನೀರಿನ ಮೇಲ್ಮೈ ಹತ್ತಿರದವರೆಗೂ ಎದ್ದಿರುವ ಹಾಗಿದೆ. ನೇರ ಹೋದರೆ ಹಡಗು ತಗಲುತ್ತದೆ. ಬೇಕಾದರೆ ನೀವೇ ಇಳಿಸಿ ನೋಡಿ" ಎಂದು ತಂಡೇಲ ಹಗ್ಗವನ್ನು ಮುಂದೆ ಹಿಡಿದ.

ವರ್ತಕ ಹಗ್ಗವನ್ನು ನೋಡಿದ. ಹಗ್ಗವೂ ಈ ತಂಡೇಲನದೇ, ಗುಂಡೂ ಇವನದೇ, ನಂಬುವುದು ಹೇಗೆ ಎಂದುಕೊಂಡ. ಉತ್ತರದ ಕಡೆ ಕಳ್ಳರ ದೋಣಿಗಳಿವೆ ಎಂದು ಬಂದರಿನಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಅವನು ಕೈ ಚಾಚಲಿಲ್ಲ. ಚುಕ್ಕಾಣಿಯನ್ನು ಬೇರೊಬ್ಬನ ಕೈಗೆ ಕೊಡಿಸಿ, ನೇರ ನಡೆಸು ಎಂದ.

ಹೊತ್ತು ಇಳಿಯುವ ಮುಂಚೆ ಹಡಗು ಅದುರಿ ನಿಂತಿತು. ಅಡಿ ಸೀಳಿ ನೀರು ನುಗ್ಗಿತು. ಆಳುಗಳು ಸಣ್ಣ ದೋಣಿಯನ್ನು ಇಳಿಸಿದರು. ಆ ಗಡಿಬಿಡಿಯಲ್ಲಿ ವರ್ತಕ ಕಾಲು ಜಾರಿ ಕಡಲಿಗೆ ಬಿದ್ದ. ಮುಳುಗಿಯೇ ಹೋದೆ ಎಂದುಕೊಂಡ. ಕಾಲಿಗೆ ಕಲ್ಲು ಸಿಕ್ಕಿತು. ನೀರು ಎದೆಯ ಮಟ್ಟಕ್ಕಿತ್ತು. ಎತ್ತ ನೋಡಿದರೂ ದಡವಿಲ್ಲದ ಕಡಲಿನ ನಡುವೆ ಅವನು ಬೆಟ್ಟದ ತುದಿಯಲ್ಲಿ ನಿಂತಿದ್ದ.

ತಂಡೇಲ ದೋಣಿಯನ್ನು ಹತ್ತಿರ ತಂದು ಕೈ ಚಾಚಿದ. "ಹತ್ತಿ, ಸಾಹುಕಾರರೇ."

ಬೆಟ್ಟ ಇರುವ ಜಾಗ ಇವನಿಗೆ ಗೊತ್ತಿತ್ತು, ಅಂದಮೇಲೆ ಇವನೇ ಇಲ್ಲಿಗೆ ತಂದಿದ್ದಾನೆ ಎಂದು ವರ್ತಕನಿಗೆ ಅನಿಸಿತು. ಹತ್ತಿಸಿಕೊಂಡು ಮುಂದೆ ಆಳದಲ್ಲಿ ನೂಕುತ್ತಾನೆ. ಒಂದು ಅಲೆ ಹೆಗಲು ದಾಟಿತು. ವರ್ತಕ ಕದಲಲಿಲ್ಲ. ತಂಡೇಲ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಇನ್ನೊಂದು ಅಲೆ ಬಂದು ಬಾಯಿಗೆ ಉಪ್ಪುನೀರು ತುಂಬಿದಾಗ ವರ್ತಕ ಆ ಕೈ ಹಿಡಿದ.

ಯಾರೂ ಅವನನ್ನು ನೂಕಲಿಲ್ಲ. ಸರಕೆಲ್ಲ ಕಡಲ ಪಾಲಾಯಿತು, ಜೀವ ಉಳಿಯಿತು. ದ್ವೀಪ ಸೇರುವವರೆಗೂ ಅವನು ರೆಪ್ಪೆ ಮುಚ್ಚದೆ ತಂಡೇಲನ ಕೈಗಳನ್ನೇ ನೋಡುತ್ತ ಕುಳಿತಿದ್ದ. ದಡಕ್ಕೆ ಇಳಿದವನು ಹಿಂದಿರುಗಿ ನೋಡದೆ ನಡೆದುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ಬೆಟ್ಟದ ಮೇಲೆ ನಿಂತ ಮೇಲೂ ಅವನ ಅನುಮಾನ ಹೋಗಲಿಲ್ಲವೇ?" ಎಂದ ಮರುಳಯ್ಯ.

"ಬೊಮ್ಮಣ್ಣನ ಮನಸ್ಸಿನಲ್ಲಿ ಏನಿದೆ ಎಂದು ನನ್ನನ್ನು ಕೇಳಿದೆಯಲ್ಲ, ಅವನನ್ನು ಕೇಳಿದೆಯಾ?" ಎಂದರು ಗುರುಗಳು.