ಲ್ಯಾಪ್‌ಟಾಪಿಗೆ ಎರೆದ ಶೇಕಪ್ಪ

ನೀಲವ್ವಗ ಒಬ್ಬನೇ ಮಗ, ಶೇಕಪ್ಪ. ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ. ಆಕಿಗೆ ಅದೇ ತಲಿನೋವು.

ತಾಲ್ಲೂಕ ಕಚೇರಿ ಕಟ್ಟಿ ಮ್ಯಾಲೆ ಕುಂತು ಆಕಿ ಮಂದಿಗೆ ಅರ್ಜಿ ಟೈಪ್ ಮಾಡಿ ಕೊಡ್ತಿದ್ಲು. ಯಾವುದೋ ಕಂಪನಿಯವರು ಹತ್ತು ವರ್ಷ ದುಡಿಸಿ ಮಾರಿದ ಲ್ಯಾಪ್‌ಟಾಪ್. ಕರ್ರಗ, ದಪ್ಪಗ, ಇಟ್ಟಂಗಿ ಇದ್ದಂಗ. ಅದು ನಡೆದರ ಮನಿಯಾಗ ಒಲಿ ಹತ್ತಬೇಕು, ನಿಂತರ ಇಲ್ಲ.

ಒಂದಿನ ಅದನ್ನ ರಿಪೇರಿ ಮಕ್ತುಮಸಾಬಗ ಕೊಟ್ಟಿದ್ಲು. "ಹೋಗಿ ತಗೊಂಡ ಬಾ. ಕೈಯಾಗ ಮಾತ್ರ ಹಿಡೀಬ್ಯಾಡ, ಕೆಡವ್ತಿ," ಅಂದ್ಲು.

ಶೇಕಪ್ಪ ಕೈ ಹಿಂದ ಕಟ್ಟಿ, ಲ್ಯಾಪ್‌ಟಾಪ್ ತಲಿ ಮ್ಯಾಲೆ ಇಡಿಸ್ಕೊಂಡು ನಡೆದ. ಬಜಾರದಾಗ ಒಮ್ಮೆ ಬಿತ್ತು, ಬಸ್‌ಸ್ಟ್ಯಾಂಡಿನಾಗ ಒಮ್ಮೆ ಬಿತ್ತು, ಕಚೇರಿ ಮೆಟ್ಟಿಲ ಮ್ಯಾಲೆ ಮತ್ತೊಮ್ಮೆ ಬಿತ್ತು. ನೀಲವ್ವ ಎದಿ ಹಿಡ್ಕೊಂಡು ಬಟನ್ ಒತ್ತಿದ್ಲು. ಚಾಲೂ ಆತು. ಮೂಲಿ ಅಷ್ಟ ತರಚಿತ್ತು.

"ಹುಚ್ಚಪ್ಯಾಲಿ, ಇದನ್ನ ಕೂಸಿನಂಗ ನೋಡ್ಕೋಬೇಕೋ," ಅಂದ್ಲು.

ಆತು ಅಂದ ಶೇಕಪ್ಪ. ಮರುದಿನ ಮುಂಜಾನೆ ನೀರು ಕಾಸಿದ. ಕಾಲು ಚಾಚಿ ಕುಂತು, ಕಾಲ ಮ್ಯಾಲೆ ಲ್ಯಾಪ್‌ಟಾಪ್ ಮಲಗಿಸ್ಕೊಂಡು ತಂಬಿಗಿಲೆ ಎರೆದ. ಲೋಬಾನದ ಹೊಗಿ ಹಾಕಿದ. ದೃಷ್ಟಿ ಆಗಬಾರದಂತ ಕಾಡಿಗಿ ಬೊಟ್ಟೂ ಇಟ್ಟ.

ನೀಲವ್ವ ಹಣಿ ಬಡ್ಕೊಂಡು ಮಕ್ತುಮಸಾಬನ ಕಡೆ ಓಡಿದ್ಲು. ಆತ ಬ್ಯಾಟರಿ ತಗದ, ನಾಕು ಸ್ಕ್ರೂ ಬಿಚ್ಚಿದ. ತಳದ ತೂತಿನಿಂದ ನೀರೆಲ್ಲಾ ಸೋರಿ ಹೋತು. "ಅಂಜಬ್ಯಾಡವ್ವಾ. ಆಫೀಸಿನ್ಯಾಗ ಮೈಮ್ಯಾಲೆ ಚಹಾ ಚೆಲ್ಲಿಸ್ಕೊಂಡು ಬೆಳೆದ ಜೀವ ಇದು. ಎರಡು ದಿನ ಒಣಗಲಿ," ಅಂದ.

ಒಣಗಿತು, ಚಾಲೂನೂ ಆತು. ಆದರ ಅಷ್ಟರಾಗ ಮಾಲತೇಶ ಅನ್ನಾಂವ ಎದುರಿಗೇ ಮೇಜು ಹಾಕಿದ್ದ. ಹೊಚ್ಚ ಹೊಸ ಲ್ಯಾಪ್‌ಟಾಪ್, ಹಪ್ಪಳದಷ್ಟು ತೆಳ್ಳಗ. ಮಂದಿಯೆಲ್ಲಾ ಆ ಕಡೆ. ನೀಲವ್ವನ ಕಣ್ಣಾಗ ನೀರು ಬಂತು.

"ನಮ್ಮ ಇದಕ್ಕ ಹತ್ತು ವರ್ಷದ ಮ್ಯಾಲಾತೋ. ಎರೆಯೋದು ಈಗ ಹುಟ್ಟಿದ ಕೂಸಿಗೆ. ಇನ್ನ ಇದನ್ನ ಮುಟ್ಟಬ್ಯಾಡ. ಅರ್ಜಿ ಅಂತ ಯಾರ ಅಂದರೂ ಕೈ ಹಿಡಿದು ನನ್ನ ಕಡೆ ಕರ್ಕೊಂಡ ಬಾ. ಅಷ್ಟ ಮಾಡು," ಅಂದ್ಲು ಮಗಗ.

ಶೇಕಪ್ಪ ಕಟ್ಟಿ ಮ್ಯಾಲೆ ಕಾದು ನಿಂತ. ಮಾಲತೇಶ ಚಹಾಕ್ಕ ಎದ್ದ. "ತಮ್ಮಾ, ಇದನ್ನ ಸ್ವಲ್ಪ ನೋಡ್ಕೋ."

"ಇದಕ್ಕ ಎಷ್ಟು ವಯಸ್ಸರಿ?"

"ಮೊನ್ನಿ ಪೆಟ್ಟಿಗಿಯಿಂದ ಹೊರಗ ತಗದೀನಿ."

ಅಯ್ಯ, ಹಸಗೂಸು ಅಂದ್ಕೊಂಡ ಶೇಕಪ್ಪ. ಹೋಟೆಲ್‌ನಿಂದ ಒಂದು ತಂಬಿಗಿ ಬಿಸಿನೀರು ಇಸ್ಕೊಂಡು ಬಂದು ಎರೆದ. ಈ ಸಲ ಲೋಬಾನ ಹಾಕೋದೇ ಬ್ಯಾಡಾತು, ಹೊಗಿ ತಾನಾಗೇ ಬಂತು.

ಮಾಲತೇಶ ಓಡಿ ಬಂದ. ಒತ್ತಿದ, ಒರೆಸಿದ, ಅಲುಗಾಡಿಸಿದ. ಏನೂ ಇಲ್ಲ. "ಏ ಮಂಗ್ಯಾ, ನಿನ್ನ ಮ್ಯಾಲೆ ಸಾಹೇಬರಿಗೆ ಅರ್ಜಿ ಕೊಡ್ತೀನಿ!"

ಅರ್ಜಿ ಅಂದದ್ದ ತಡ, ಶೇಕಪ್ಪ ಅವನ ಕೈ ಹಿಡ್ಕೊಂಡ. ದರದರ ಎಳ್ಕೊಂಡು ಹೋಗಿ ನೀಲವ್ವನ ಮುಂದ ಕುಂದ್ರಿಸಿದ.

"ಅವ್ವಾ, ಗಿರಾಕಿ ಬಂದಾರ. ಟೈಪ್ ಮಾಡು. ನನ್ನ ಹೆಸರು ಮಾತ್ರ ತಪ್ಪಬಾರದು ನೋಡು."